ರೇಡಿಯೇಶನ್ ಆದ ಸ್ತನದಲ್ಲಿ ವರ್ಷಗಳ ಮೇಲೆ ಬರುವ ಆಂಜಿಯೋಸಾರ್ಕೋಮಾ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ತನ ಕ್ಯಾನ್ಸರ್‌ಗೆ ರೇಡಿಯೇಶನ್ ಪಡೆದು ಕೆಲವು ವರ್ಷ ಕಳೆದವರಿಗೆ, ಅವರ ಮನೆಯವರಿಗೆ, ಅವರನ್ನು ಮೊದಲು ನೋಡುವ ಊರಿನ ವೈದ್ಯರಿಗೆ ಈ ಪುಟ. ಪೂರ್ತಿ ಓದಲು ಸಮಯವಿಲ್ಲದವರು ಇಷ್ಟನ್ನು ಮಾತ್ರ ನೆನಪಿಟ್ಟುಕೊಳ್ಳಿ: ರೇಡಿಯೇಶನ್ ಬಿದ್ದ ಚರ್ಮದ ಮೇಲೆ ಏಟು ತಾಗದೆಯೇ ನೇರಳೆ, ಕಪ್ಪುಗೆಂಪು ಅಥವಾ ನೀಲಿ ಕಲೆ ಮೂಡಿ ಎರಡು ಮೂರು ವಾರದಲ್ಲಿ ಮಾಯದಿದ್ದರೆ, ಅದಕ್ಕೆ ಮುಲಾಮು ಹಚ್ಚುತ್ತ ಕಾಯಬಾರದು, ಬಯಾಪ್ಸಿ ಆಗಬೇಕು.

ಆಂಜಿಯೋಸಾರ್ಕೋಮಾ ಅಂದರೆ ಏನು? ಹಳೆಯ ಕ್ಯಾನ್ಸರೇ ಮರಳಿ ಬಂದದ್ದೇ?

ಅಲ್ಲ, ಇದು ಬೇರೆಯದೇ ಕ್ಯಾನ್ಸರ್. ಸಾಮಾನ್ಯ ಸ್ತನ ಕ್ಯಾನ್ಸರ್ ಹುಟ್ಟುವುದು ಹಾಲಿನ ನಾಳ ಮತ್ತು ಹಾಲಿನ ಗ್ರಂಥಿಗಳ ಜೀವಕೋಶಗಳಲ್ಲಿ. ಆಂಜಿಯೋಸಾರ್ಕೋಮಾ ಹುಟ್ಟುವುದು ರಕ್ತನಾಳ ಮತ್ತು ದುಗ್ಧರಸ (ಲಿಂಫ್) ನಾಳಗಳ ಒಳಗೋಡೆಯ ಜೀವಕೋಶಗಳಲ್ಲಿ. ಹಾಗಾಗಿ ಇದು ಸಾರ್ಕೋಮಾ ಗುಂಪಿಗೆ, ಅಂದರೆ ನಾಳ, ಸ್ನಾಯು, ಮೂಳೆಯಂಥ ಅಂಗಾಂಶಗಳಲ್ಲಿ ಹುಟ್ಟುವ ಕ್ಯಾನ್ಸರ್‌ಗಳ ಗುಂಪಿಗೆ ಸೇರುತ್ತದೆ. ಇದರ ಸ್ವಭಾವ, ಹಬ್ಬುವ ದಾರಿ, ಔಷಧಿ ಎಲ್ಲವೂ ಬೇರೆ.

ಇದರಲ್ಲಿ ಎರಡು ಬಗೆ. ಮೊದಲನೆಯದು ರೇಡಿಯೇಶನ್ನಿನ ಹಂಗಿಲ್ಲದೆ ತಾನಾಗಿ ಸ್ತನದ ಒಳಗೆ ಹುಟ್ಟುವಂಥದ್ದು. ಇದು ಹೆಚ್ಚಾಗಿ ಮೂವತ್ತು ನಲವತ್ತರ ವಯಸ್ಸಿನವರಲ್ಲಿ ಕಾಣುತ್ತದೆ. ಎರಡನೆಯದು, ರೇಡಿಯೇಶನ್ ಆದ ಜಾಗದ ಚರ್ಮದಲ್ಲಿ ವರ್ಷಗಳ ನಂತರ ಹುಟ್ಟುವಂಥದ್ದು. ಬಹುತೇಕ ಅರವತ್ತು ದಾಟಿದವರಲ್ಲಿ. ಈ ಪುಟ ಎರಡನೆಯ ಬಗೆಯ ಕುರಿತು.

ಇದು ಎಷ್ಟು ಮಂದಿಗೆ ಬರುತ್ತದೆ?

ಸ್ತನ ಉಳಿಸುವ ಆಪರೇಷನ್ ಮಾಡಿ ರೇಡಿಯೇಶನ್ ಕೊಟ್ಟ ಸಾವಿರ ಮಂದಿಯಲ್ಲಿ ಸುಮಾರು ಒಬ್ಬರಿಗೆ. ಕೆಲವು ವರದಿಗಳಲ್ಲಿ ಸಾವಿರಕ್ಕೆ ಮೂವರವರೆಗೂ ಇದೆ.

ಹಾಗಿದ್ದರೆ ರೇಡಿಯೇಶನ್ ಬೇಡ ಅನ್ನುವುದೇ ಒಳ್ಳೆಯದಲ್ಲವೇ?

ದಯವಿಟ್ಟು ಈ ತೀರ್ಮಾನಕ್ಕೆ ಬರಬೇಡಿ. ಸ್ತನ ಉಳಿಸಿ ಆಪರೇಷನ್ ಮಾಡಿದ 10,801 ಮಹಿಳೆಯರ ಮಾಹಿತಿಯನ್ನು 17 ಪ್ರಯೋಗಗಳಿಂದ ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಹೀಗೆ ಹೇಳುತ್ತದೆ: ರೇಡಿಯೇಶನ್ ಕೊಡದಿದ್ದಾಗ ಹತ್ತು ವರ್ಷದೊಳಗೆ ಕ್ಯಾನ್ಸರ್ ಮರುಕಳಿಸಿದ್ದು ನೂರರಲ್ಲಿ 35 ಮಂದಿಗೆ, ಕೊಟ್ಟಾಗ 19 ಮಂದಿಗೆ. ಹದಿನೈದು ವರ್ಷದಲ್ಲಿ ಸ್ತನ ಕ್ಯಾನ್ಸರ್‌ನಿಂದಾದ ಸಾವು ಶೇ. 25.2ರಿಂದ 21.4ಕ್ಕೆ ಇಳಿಯಿತು. ಅಂದರೆ ನೂರು ಮಂದಿಯಲ್ಲಿ ಮೂರು ನಾಲ್ಕು ಜೀವ ಉಳಿಯುತ್ತದೆ; ಆಂಜಿಯೋಸಾರ್ಕೋಮಾ ಬರುವುದು ಸಾವಿರಕ್ಕೆ ಒಬ್ಬರಿಗೆ. ಲೆಕ್ಕ ಸ್ಪಷ್ಟವಾಗಿದೆ.

ಈ ಗಡ್ಡೆಯ ಹೆದರಿಕೆಯಿಂದ ರೇಡಿಯೇಶನ್ ಅರ್ಧಕ್ಕೆ ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಅರ್ಧ ಡೋಸ್ ಬಿದ್ದ ಚರ್ಮಕ್ಕೆ ತೊಂದರೆಯ ಸಾಧ್ಯತೆ ಉಳಿದೇ ಇರುತ್ತದೆ, ಕ್ಯಾನ್ಸರ್‌ಗೆ ಬೀಳಬೇಕಾದ ಪೆಟ್ಟು ಮಾತ್ರ ಬೀಳುವುದಿಲ್ಲ.

ಎಷ್ಟು ವರ್ಷದ ಮೇಲೆ ಬರಬಹುದು?

ಹೆಚ್ಚಿನವರಲ್ಲಿ ಐದರಿಂದ ಹತ್ತು ವರ್ಷದ ನಡುವೆ. ಮೂರನೇ ವರ್ಷಕ್ಕೇ ಕಾಣಿಸಿದ್ದೂ ಇದೆ, ಇಪ್ಪತ್ತು ವರ್ಷ ಕಳೆದ ಮೇಲೆ ಬಂದದ್ದೂ ಇದೆ. ಇಲ್ಲೇ ಒಂದು ತೊಡಕು. ಬಹುತೇಕ ಆಸ್ಪತ್ರೆಗಳಲ್ಲಿ ಐದು ವರ್ಷ ತುಂಬುತ್ತಿದ್ದಂತೆ ‘ಇನ್ನು ಆಗಾಗ ಬರಬೇಕಿಲ್ಲ’ ಎನ್ನುತ್ತಾರೆ, ರೋಗಿಯೂ ನಿಟ್ಟುಸಿರು ಬಿಡುತ್ತಾರೆ. ಈ ಗಡ್ಡೆ ತಲೆ ಎತ್ತುವ ಕಾಲ ಶುರುವಾಗುವುದು ಸರಿಸುಮಾರು ಆಗಲೇ. ಫಾಲೋಅಪ್ ಮುಗಿದರೂ ಎದೆಯ ಚರ್ಮದ ಮೇಲಿನ ಕಣ್ಣು ಮುಗಿಯಬಾರದು.

ಇದು ಏಕೆ ಬರುತ್ತದೆ?

ರೇಡಿಯೇಶನ್ ಕ್ಯಾನ್ಸರ್ ಕೋಶಗಳ ಡಿಎನ್‌ಎಯನ್ನು ಮುರಿಯುತ್ತದೆ. ಅದೇ ದಾರಿಯಲ್ಲಿ ಸಿಕ್ಕ ಆರೋಗ್ಯವಂತ ನಾಳಗಳ ಕೋಶಗಳಿಗೂ ಏಟು ಬೀಳುತ್ತದೆ. ಹೆಚ್ಚಿನವು ಸುಧಾರಿಸಿಕೊಳ್ಳುತ್ತವೆ ಅಥವಾ ಸಾಯುತ್ತವೆ. ಎಲ್ಲೋ ಒಂದು ಕೋಶ ತಪ್ಪಾಗಿ ರಿಪೇರಿಯಾಗಿ ಉಳಿದುಬಿಟ್ಟರೆ, ವರ್ಷಗಳ ನಂತರ ಅಂಕೆ ಮೀರಿ ಬೆಳೆಯಬಹುದು. ಈ ಗಡ್ಡೆಗಳಲ್ಲಿ ಮಿಕ್ ಎಂಬ ಜೀನಿನ ಪ್ರತಿಗಳು ಹಲವು ಪಟ್ಟು ಹೆಚ್ಚಿರುವುದು ಬಹುತೇಕ ಎಲ್ಲ ರೋಗಿಗಳಲ್ಲೂ ಕಾಣುತ್ತದೆ. ಪತ್ತೆಹಚ್ಚುವಾಗ ಇದೇ ದೊಡ್ಡ ಸುಳಿವು. ಮುಂದೆ ಹೇಳಿದ್ದೇವೆ.

ದುಗ್ಧರಸ ಸರಿಯಾಗಿ ಹರಿಯದೆ ಕೈಯೋ ಸ್ತನವೋ ವರ್ಷಗಟ್ಟಲೆ ಬಾತುಕೊಂಡಿರುವುದೂ ಒಂದು ಕಾರಣ. ನ್ಯೂಯಾರ್ಕಿನ ಫ್ರೆಡ್ ಸ್ಟುವರ್ಟ್ ಮತ್ತು ನಾರ್ಮನ್ ಟ್ರೀವ್ಸ್ ಎಂಬ ವೈದ್ಯರು 1948ರಲ್ಲಿ ಸ್ತನ ತೆಗೆದ ಮೇಲೆ ಬಾತುಕೊಂಡ ಕೈಯಲ್ಲಿ ಆಂಜಿಯೋಸಾರ್ಕೋಮಾ ಬಂದ ಆರು ಪ್ರಕರಣಗಳನ್ನು ವಿವರಿಸಿದರು. ಅಂದಿನಿಂದ ಅದಕ್ಕೆ ಸ್ಟುವರ್ಟ್-ಟ್ರೀವ್ಸ್ ಸಿಂಡ್ರೋಮ್ ಎಂದೇ ಹೆಸರು. ಕಂಕುಳ ಗ್ರಂಥಿಗಳನ್ನೆಲ್ಲ ತೆಗೆಯುವ ದೊಡ್ಡ ಆಪರೇಷನ್‌ಗಳು ಕಡಿಮೆಯಾದಂತೆ ಅದು ಅಪರೂಪವಾಯಿತು. ಸ್ತನ ಉಳಿಸಿ ರೇಡಿಯೇಶನ್ ಕೊಡುವ ಪದ್ಧತಿ ಬಂದ ಮೇಲೆ ಸ್ತನದ ಚರ್ಮದಲ್ಲೇ ಬರುವ ಬಗೆ ಹೆಚ್ಚು ಕಾಣತೊಡಗಿತು.

ಸ್ತನ ಪೂರ್ತಿ ತೆಗೆದು ರೇಡಿಯೇಶನ್ ಕೊಟ್ಟವರಿಗೂ ಬರುತ್ತದೆಯೇ?

ಬರಬಹುದು. ಎದೆಗೋಡೆಯ ಚರ್ಮದಲ್ಲಿ, ಹಳೆಯ ಹೊಲಿಗೆಯ ಗುರುತಿನ ಆಸುಪಾಸಿನಲ್ಲಿ ಅಥವಾ ಅದರಿಂದ ದೂರದಲ್ಲಿ. ನಮ್ಮ ಕಡೆ ಸ್ತನ ಪೂರ್ತಿ ತೆಗೆಯುವುದೇ ಹೆಚ್ಚಾಗಿರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ.

ಯಾರಿಗೆ ಅಪಾಯ ಹೆಚ್ಚು?

ವಯಸ್ಸಾದ ಮೇಲೆ ರೇಡಿಯೇಶನ್ ಪಡೆದವರಿಗೆ, ಸ್ತನ ಅಥವಾ ಕೈ ಬಾವು ಉಳಿದವರಿಗೆ ತುಸು ಹೆಚ್ಚು. ಟಿಪಿ53 ಜೀನಿನ ದೋಷ ಹುಟ್ಟಿನಿಂದಲೇ ಇರುವ ಲೀ-ಫ್ರಾಮೆನಿ ಕುಟುಂಬಗಳ ಮಾತು ಬೇರೆ. ಅವರಲ್ಲಿ ರೇಡಿಯೇಶನ್ನಿನಿಂದ ಹೊಸ ಕ್ಯಾನ್ಸರ್ ಹುಟ್ಟುವ ಸಾಧ್ಯತೆ ಸಾಕಷ್ಟು ಹೆಚ್ಚಿರುವುದರಿಂದ, ಸಾಧ್ಯವಿದ್ದಲ್ಲೆಲ್ಲ ಸ್ತನ ಪೂರ್ತಿ ತೆಗೆದು ರೇಡಿಯೇಶನ್ ತಪ್ಪಿಸುವ ದಾರಿ ನೋಡುತ್ತಾರೆ. ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಸಾರ್ಕೋಮಾ, ಮಿದುಳಿನ ಗಡ್ಡೆ, ಸ್ತನ ಕ್ಯಾನ್ಸರ್, ಅಡ್ರಿನಲ್ ಗ್ರಂಥಿಯ ಕ್ಯಾನ್ಸರ್ ಬಂದವರು ಇದ್ದರೆ ರೇಡಿಯೇಶನ್ನಿಗೆ ಮೊದಲೇ ವೈದ್ಯರಿಗೆ ತಿಳಿಸಿ.

ಈ ಕೆಲವರನ್ನು ಬಿಟ್ಟರೆ, ಯಾರಿಗೆ ಬರುತ್ತದೆ ಎಂದು ಮುಂಚೆ ಹೇಳಲಾಗದು. ಎಲ್ಲರೂ ಚರ್ಮ ನೋಡಿಕೊಳ್ಳುವುದೇ ದಾರಿ.

ನೋಡಲು ಹೇಗಿರುತ್ತದೆ?

ಗಂಟು ಹುಡುಕಿಕೊಂಡು ಹೋದರೆ ಮೋಸ ಹೋಗುತ್ತೀರಿ. ಮೊದಲು ಕಾಣುವುದು ಬಣ್ಣ. ಎಲ್ಲೋ ತಗುಲಿ ರಕ್ತ ಹೆಪ್ಪುಗಟ್ಟಿದಂಥ ಕಲೆ, ಅಂಚು ಅಸ್ಪಷ್ಟ, ನೋವಿಲ್ಲ, ತುರಿಕೆಯಿಲ್ಲ. ಏಟು ಬಿದ್ದ ಕಲೆಯಾದರೆ ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗಿ ಎರಡು ವಾರದಲ್ಲಿ ಮಾಸುತ್ತದೆ. ಇದು ಬಣ್ಣ ಬದಲಿಸುವುದಿಲ್ಲ, ಮಾಸುವುದಿಲ್ಲ, ನಿಧಾನವಾಗಿ ಅಗಲವಾಗುತ್ತದೆ. ಆಮೇಲೆ ಅದರ ಮೇಲೆ ಕಪ್ಪುಗೆಂಪು ಗುಳ್ಳೆಗಳು ಏಳಬಹುದು, ಮುಟ್ಟಿದರೆ ರಕ್ತ ಜಿನುಗಬಹುದು, ಹುಣ್ಣಾಗಬಹುದು. ಒಂದೇ ಸಲ ಎರಡು ಮೂರು ಕಡೆ ಬಿಡಿಬಿಡಿಯಾಗಿ ಮೂಡುವುದೂ ಸಾಮಾನ್ಯ. ಕೆಲವರಲ್ಲಿ ಬಣ್ಣವೇ ಇಲ್ಲದೆ ಚರ್ಮ ದಪ್ಪಗಾಗಿ ಗಟ್ಟಿಯಾಗುತ್ತದೆ, ಸ್ತನ ಊದಿಕೊಳ್ಳುತ್ತದೆ.

ಪಠ್ಯಪುಸ್ತಕದ ಚಿತ್ರಗಳಲ್ಲಿ ಬಿಳಿ ಚರ್ಮದ ಮೇಲೆ ಎದ್ದು ಕಾಣುವ ಕೆಂಪು ನೇರಳೆ ಇರುತ್ತದೆ. ನಮ್ಮ ಮೈಬಣ್ಣದಲ್ಲಿ ಅದು ಗಾಢ ಕಂದು, ಕಪ್ಪು, ಕೆಲವೊಮ್ಮೆ ನೇರಳೆ ಹಣ್ಣಿನ ಬಣ್ಣದಂತೆ ಕಾಣುತ್ತದೆ. ರೇಡಿಯೇಶನ್ ಆದ ಚರ್ಮ ಮೊದಲೇ ಕಪ್ಪಾಗಿರುವುದರಿಂದ ಹೊಸ ಕಲೆ ಅದರಲ್ಲೇ ಅಡಗಿಬಿಡಬಹುದು. ಆದ್ದರಿಂದ ಬಣ್ಣಕ್ಕಿಂತ ‘ಹೋದ ತಿಂಗಳು ಇರಲಿಲ್ಲ, ಈಗ ಇದೆ’ ಎಂಬುದಕ್ಕೇ ಹೆಚ್ಚು ಬೆಲೆ ಕೊಡಿ.

ಮನೆಯಲ್ಲಿ ಹೇಗೆ ನೋಡಿಕೊಳ್ಳುವುದು?

ತಿಂಗಳಿಗೊಮ್ಮೆ, ಸ್ನಾನಕ್ಕೆ ಮೊದಲು, ಹಗಲು ಬೆಳಕಿನಲ್ಲಿ, ಸೊಂಟದ ಮೇಲೆ ಬಟ್ಟೆಯಿಲ್ಲದೆ ಕನ್ನಡಿಯೆದುರು ನಿಂತು ನೋಡಿ. ಅರಿಶಿನವೋ ಪೌಡರೋ ಹಚ್ಚಿದ್ದರೆ ಒರೆಸಿ. ಸ್ತನವನ್ನು ಎತ್ತಿ ಕೆಳಮಡಿಕೆ ನೋಡಿ, ಕೈ ಎತ್ತಿ ಕಂಕುಳ ಕಡೆಯ ಅಂಚು ನೋಡಿ, ತೊಟ್ಟಿನ ಸುತ್ತ ನೋಡಿ. ರೇಡಿಯೇಶನ್ ಬಿದ್ದ ಜಾಗ ಸ್ತನಕ್ಕಷ್ಟೇ ಸೀಮಿತವಲ್ಲ. ಕತ್ತಿನೆಲುಬಿನ ಮೇಲೆ, ಕಂಕುಳಿಗೂ ಕೊಟ್ಟಿದ್ದರೆ ಅಲ್ಲಿಯೂ ನೋಡಬೇಕು. ಕೈ ಬಾತಿದ್ದರೆ ಭುಜದಿಂದ ಬೆರಳ ತುದಿವರೆಗೆ, ಒಳಭಾಗವನ್ನೂ ಸೇರಿಸಿ. ಆಮೇಲೆ ಅಂಗೈಯಿಂದ ಸವರಿ ಚರ್ಮ ಎಲ್ಲಾದರೂ ದಪ್ಪಗಾಗಿದೆಯೇ ಎಂದು ಮುಟ್ಟಿ ನೋಡಿ.

ಕಲೆ ಕಂಡರೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಹತ್ತಿರದಿಂದ ಒಂದು, ಇಡೀ ಎದೆ ಕಾಣುವಂತೆ ಒಂದು. ಬಾಲ್‌ಪೆನ್ನಿನಿಂದ ಕಲೆಯ ಅಂಚು ಗುರುತಿಸಿ, ವಾರ ಬಿಟ್ಟು ಅದೇ ಬೆಳಕಿನಲ್ಲಿ ಮತ್ತೆ ತೆಗೆಯಿರಿ. ಗೆರೆ ದಾಟಿದ್ದರೆ ಮೂರು ವಾರ ಕಾಯುವುದೂ ಬೇಡ, ಕೂಡಲೇ ಹೋಗಿ. ಕಣ್ಣು ಮಂಜಾದ ಹಿರಿಯರು ಮಗಳೋ ಸೊಸೆಯೋ ನೋಡಲಿ ಎಂದು ಕೇಳಲು ಸಂಕೋಚಪಡುತ್ತಾರೆ; ಮನೆಯವರೇ ಮುಂದಾಗಿ ಕೇಳುವುದು ಒಳ್ಳೆಯದು.

ಮ್ಯಾಮೊಗ್ರಾಮ್ ನಾರ್ಮಲ್ ಬಂದಿದೆ. ಅಷ್ಟು ಸಾಲದೇ?

ಸಾಲದು. ಮ್ಯಾಮೊಗ್ರಾಮ್ ಸ್ತನದ ಒಳಗನ್ನು ನೋಡುವ ಪರೀಕ್ಷೆ, ಈ ಗಡ್ಡೆ ಇರುವುದು ಚರ್ಮದಲ್ಲಿ. ಹೆಚ್ಚೆಂದರೆ ‘ಚರ್ಮ ದಪ್ಪಗಾಗಿದೆ’ ಎಂದು ಬರುತ್ತದೆ. ರೇಡಿಯೇಶನ್ ಆದವರಲ್ಲೆಲ್ಲ ಚರ್ಮ ಸ್ವಲ್ಪ ದಪ್ಪಗಿರುವುದರಿಂದ ಅದನ್ನು ಯಾರೂ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಆದರೆ ರೇಡಿಯೇಶನ್ನಿನಿಂದ ದಪ್ಪಗಾದ ಚರ್ಮ ವರ್ಷ ಕಳೆದಂತೆ ತೆಳುವಾಗುತ್ತ ಬರಬೇಕು. ತೆಳುವಾಗಿದ್ದುದು ಮತ್ತೆ ದಪ್ಪಗಾದರೆ ಅನುಮಾನಿಸಬೇಕು. ಹಳೆಯ ಮ್ಯಾಮೊಗ್ರಾಮ್ ಫಿಲ್ಮ್‌ಗಳನ್ನು ಇಟ್ಟುಕೊಂಡಿರಿ ಎನ್ನುವುದು ಈ ಹೋಲಿಕೆಗಾಗಿ. ಅಲ್ಟ್ರಾಸೌಂಡ್ ಕೂಡ ಇದನ್ನು ತಳ್ಳಿಹಾಕಲಾರದು. ಎಂಆರ್‌ಐ ಹೆಚ್ಚು ತೋರಿಸುತ್ತದೆ. ಅದೂ ಬಯಾಪ್ಸಿಗೆ ಬದಲಿಯಲ್ಲ.

ಗೊತ್ತಾಗುವುದು ಏಕೆ ತಡವಾಗುತ್ತದೆ?

ಕಲೆಗೆ ನೋವಿಲ್ಲ ಎಂದು ರೋಗಿ ಸುಮ್ಮನಿರುತ್ತಾರೆ. ಹೋದರೂ ಮೊದಲು ಹೋಗುವುದು ಚರ್ಮದ ವೈದ್ಯರಲ್ಲಿಗೋ ಊರಿನ ಕ್ಲಿನಿಕ್ಕಿಗೋ. ಹತ್ತು ವರ್ಷದ ಹಿಂದಿನ ರೇಡಿಯೇಶನ್ ವಿಷಯ ರೋಗಿ ಹೇಳುವುದಿಲ್ಲ, ವೈದ್ಯರು ಕೇಳುವುದಿಲ್ಲ. ಅಲರ್ಜಿ ಎಂದು ಸ್ಟೀರಾಯ್ಡ್ ಮುಲಾಮು, ಸೋಂಕು ಎಂದು ಒಂದರ ಮೇಲೊಂದು ಆಂಟಿಬಯೋಟಿಕ್ ಕೋರ್ಸ್. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವ ಹಿರಿಯರಿಗೆ ‘ರಕ್ತ ತೆಳು ಮಾಡುವ ಮಾತ್ರೆಯಿಂದ ಹೀಗಾಗಿದೆ’ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಬಯಾಪ್ಸಿ ಆದಾಗಲೂ ತುಣುಕು ಚಿಕ್ಕದಾಗಿದ್ದರೆ, ತುಣುಕನ್ನು ಲ್ಯಾಬಿನಲ್ಲಿ ಪರೀಕ್ಷಿಸುವ ಪೆಥಾಲಜಿಸ್ಟ್‌ಗೆ ರೇಡಿಯೇಶನ್ ವಿಷಯ ತಿಳಿಸದಿದ್ದರೆ ‘ಸಾಮಾನ್ಯ ರಕ್ತನಾಳದ ಗಂಟು’ ಎಂದು ರಿಪೋರ್ಟ್ ಬರಬಹುದು.

ಊರಿನ ವೈದ್ಯರಿಗೆ ನಮ್ಮ ವಿನಂತಿ: ರೇಡಿಯೇಶನ್ ಆದ ಎದೆಯ ಮೇಲಿನ ಕೆಂಪಿಗೆ ಒಂದು ಆಂಟಿಬಯೋಟಿಕ್ ಕೋರ್ಸ್ ಕೊಟ್ಟು ನೋಡುವುದು ಸರಿ. ಅದಕ್ಕೆ ಬಗ್ಗದಿದ್ದರೆ ಎರಡನೆಯ ಕೋರ್ಸ್ ಬರೆಯುವ ಬದಲು ಬಯಾಪ್ಸಿಗೆ ಕಳಿಸಿ.

ಬಯಾಪ್ಸಿ ಹೇಗೆ ಮಾಡಬೇಕು?

ಸೂಜಿಯಿಂದ ಹೀರಿ ನೋಡುವ ಎಫ್‌ಎನ್‌ಎಸಿ ಇಲ್ಲಿ ಉಪಯೋಗಕ್ಕೆ ಬರದು. ರಕ್ತವಷ್ಟೇ ಬರುತ್ತದೆ, ರಿಪೋರ್ಟ್ ‘ರಕ್ತ ಮಾತ್ರ, ಕ್ಯಾನ್ಸರ್ ಕೋಶ ಇಲ್ಲ’ ಎಂದಿರುತ್ತದೆ, ಆ ಸುಳ್ಳು ಸಮಾಧಾನದಲ್ಲಿ ತಿಂಗಳುಗಳು ಹೋಗುತ್ತವೆ. ಚರ್ಮದ ಮೇಲ್ಪದರವನ್ನಷ್ಟೇ ಕೆರೆದು ತೆಗೆಯುವುದೂ ಸಾಲದು.

ಬೇಕಾಗಿರುವುದು ಚರ್ಮದ ಪೂರ್ತಿ ದಪ್ಪ, ಕೆಳಗಿನ ಕೊಬ್ಬಿನವರೆಗೆ. 4ರಿಂದ 6 ಮಿ.ಮೀ. ಪಂಚ್ ಬಯಾಪ್ಸಿ, ಅಥವಾ ಚಾಕುವಿನಿಂದ ತೆಗೆದ ಉದ್ದನೆಯ ತುಣುಕು. ಲಿಗ್ನೊಕೇನ್ ಚುಚ್ಚಿ ಮರಗಟ್ಟಿಸಿ ಹೊರರೋಗಿ ವಿಭಾಗದಲ್ಲೇ ಮಾಡುತ್ತಾರೆ, ಒಂದೆರಡು ಹೊಲಿಗೆ ಬೀಳುತ್ತದೆ. ಒಂದೇ ಕಡೆಯಿಂದ ತೆಗೆದರೆ ಸಾಲದು: ಉಬ್ಬಿದ ಗುಳ್ಳೆಯಿಂದ ಒಂದು, ಕಲೆಯ ಗಾಢ ಭಾಗದಿಂದ ಒಂದು, ಬಿಡಿಯಾಗಿರುವ ಬೇರೆ ಕಲೆಗಳಿದ್ದರೆ ಅವುಗಳಿಂದಲೂ. ಈ ಗಡ್ಡೆಯ ಒಂದು ಮೂಲೆ ಸಾಧುವಾಗಿ ಕಂಡರೆ ಇನ್ನೊಂದು ಮೂಲೆ ಉಗ್ರವಾಗಿರುತ್ತದೆ. ಪ್ರತಿ ತುಣುಕೂ ಬೇರೆ ಡಬ್ಬಿಯಲ್ಲಿ, ಶೇ. 10ರ ಫಾರ್ಮಲಿನ್‌ನಲ್ಲಿ, ತುಣುಕಿನ ಹತ್ತು ಪಟ್ಟು ದ್ರವದಲ್ಲಿ ಹೋಗಬೇಕು. ಸಲೈನಿನಲ್ಲಿ ಹಾಕಿ ಕಳಿಸಿದರೆ ಕೋಶಗಳು ಕೆಡುತ್ತವೆ.

ಲ್ಯಾಬಿಗೆ ಹೋಗುವ ಚೀಟಿಯಲ್ಲಿ ‘ಸ್ತನ ಕ್ಯಾನ್ಸರ್‌ಗೆ ಇಂಥ ವರ್ಷ ಇಷ್ಟು ಗ್ರೇ ರೇಡಿಯೇಶನ್ ಆಗಿದೆ, ಆಂಜಿಯೋಸಾರ್ಕೋಮಾ ಅನುಮಾನ’ ಎಂದು ಬರೆಸಿ (ಗ್ರೇ ಎಂದರೆ ರೇಡಿಯೇಶನ್ ಡೋಸಿನ ಅಳತೆ). ಈ ಒಂದು ಸಾಲಿನಿಂದ ರಿಪೋರ್ಟ್ ಬದಲಾಗುವುದುಂಟು. ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ, ನೀವಾಗಿ ನಿಲ್ಲಿಸಬೇಡಿ. ರೇಡಿಯೇಶನ್ ಆದ ಚರ್ಮ ನಿಧಾನವಾಗಿ ಕೂಡಿಕೊಳ್ಳುತ್ತದೆ, ಹಾಗಾಗಿ ಹೊಲಿಗೆ ಬಿಚ್ಚಲು ಅವಸರ ಬೇಡ.

‘ಕ್ಯಾನ್ಸರ್ ಇಲ್ಲ’ ಎಂದು ಬಂದೂ ಕಲೆ ಬೆಳೆಯುತ್ತಲೇ ಇದ್ದರೆ? ಮತ್ತೆ ಬಯಾಪ್ಸಿ, ಈ ಸಲ ದೊಡ್ಡ ತುಣುಕು.

ರಿಪೋರ್ಟಿನಲ್ಲಿರುವ ಸಿಡಿ31, ಇಆರ್‌ಜಿ, ಮಿಕ್ ಎಂದರೆ ಏನು?

ಸಿಡಿ31, ಸಿಡಿ34, ಇಆರ್‌ಜಿ ಪಾಸಿಟಿವ್ ಎಂದರೆ ಆ ಕೋಶಗಳು ನಾಳದ ಒಳಗೋಡೆಯವು ಎಂದರ್ಥ. ಅಷ್ಟರಿಂದಲೇ ಕ್ಯಾನ್ಸರ್ ಎಂದಾಗುವುದಿಲ್ಲ. ಸಾಧು ಗಂಟುಗಳಲ್ಲೂ ಇವು ಪಾಸಿಟಿವ್. ಆ ಗೊಂದಲ ಬಿಡಿಸುವುದು ಮಿಕ್. ಈ ಪರೀಕ್ಷೆಯನ್ನು ಬಣ್ಣ ಹಾಕಿ ನೋಡುವ ಐಎಚ್‌ಸಿ ವಿಧಾನದಲ್ಲೂ, ಜೀನಿನ ಪ್ರತಿ ಎಣಿಸುವ ಫಿಶ್ ವಿಧಾನದಲ್ಲೂ ಮಾಡುತ್ತಾರೆ. ರೇಡಿಯೇಶನ್ ನಂತರದ ಆಂಜಿಯೋಸಾರ್ಕೋಮಾದಲ್ಲಿ ಅದು ಬಹುತೇಕ ಯಾವಾಗಲೂ ಪಾಸಿಟಿವ್, ಸಾಧು ನಾಳದ ಗಂಟುಗಳಲ್ಲಿ ನೆಗೆಟಿವ್. ರಿಪೋರ್ಟಿನಲ್ಲಿ ಮಿಕ್ ಬಗ್ಗೆ ಮಾತೇ ಇಲ್ಲದಿದ್ದರೆ ಕೇಳಿ. ಸ್ಲೈಡ್ ಮತ್ತು ಮೇಣದ ಬ್ಲಾಕ್‌ಗಳನ್ನು ಪಡೆದು ಸಾರ್ಕೋಮಾ ಹೆಚ್ಚು ನೋಡುವ ಪೆಥಾಲಜಿಸ್ಟ್‌ಗೆ ತೋರಿಸುವುದು ಆಪರೇಷನ್ನಿಗೆ ಮೊದಲೇ ಆಗಬೇಕಾದ ಕೆಲಸ.

ರಿಪೋರ್ಟಿನಲ್ಲಿ ‘ಅಟಿಪಿಕಲ್ ವ್ಯಾಸ್ಕುಲರ್ ಲೀಶನ್’ ಎಂದಿದೆ. ಹೆದರಬೇಕೇ?

ಇದು ರೇಡಿಯೇಶನ್ ಆದ ಚರ್ಮದಲ್ಲಿ ಮೂಡುವ, ಕ್ಯಾನ್ಸರ್ ಅಲ್ಲದ ನಾಳದ ಗುಳ್ಳೆ. ಸಾಮಾನ್ಯವಾಗಿ ಅರ್ಧ ಸೆಂ.ಮೀ.ಗಿಂತ ಚಿಕ್ಕದು, ಚರ್ಮದ ಬಣ್ಣದ್ದು ಅಥವಾ ಕಂದು, ರೇಡಿಯೇಶನ್ ಆಗಿ ಮೂರು ವರ್ಷದ ಆಸುಪಾಸಿನಲ್ಲಿ ಬರುತ್ತದೆ. ಬಹುತೇಕರಲ್ಲಿ ಅಲ್ಲಿಗೇ ಮುಗಿಯುತ್ತದೆ. ಆದರೂ ಪೂರ್ತಿ ತೆಗೆಸಿ, ಅಂಚು ಶುದ್ಧವಾಗಿದೆಯೇ ಎಂದು ಕೇಳಿ, ಆಮೇಲೆ ಚರ್ಮ ತಪಾಸಣೆ ತಪ್ಪಿಸಬೇಡಿ. ಅಪರೂಪಕ್ಕೆ ಅದರ ಪಕ್ಕದಲ್ಲೇ ಆಂಜಿಯೋಸಾರ್ಕೋಮಾ ಇರುತ್ತದೆ.

ಖಚಿತವಾದ ಮೇಲೆ ಯಾವ ಸ್ಕ್ಯಾನ್ ಬೇಕು?

ಸ್ತನ ಮತ್ತು ಎದೆಗೋಡೆಯ ಎಂಆರ್‌ಐ: ಎಷ್ಟು ಅಗಲ, ಎಷ್ಟು ಆಳ, ಸ್ನಾಯು ಮುಟ್ಟಿದೆಯೇ ಎಂದು ನೋಡಲು. ಎದೆ ಮತ್ತು ಹೊಟ್ಟೆಯ ಸಿಟಿ, ಅಥವಾ ಪೆಟ್-ಸಿಟಿ: ಹಬ್ಬಿದೆಯೇ ಎಂದು ನೋಡಲು. ಇದು ರಕ್ತದ ಮೂಲಕ ಹಬ್ಬುತ್ತದೆ. ಮೊದಲ ಗುರಿ ಶ್ವಾಸಕೋಶ, ಆಮೇಲೆ ಯಕೃತ್ತು, ಮೂಳೆ, ಇನ್ನೊಂದು ಸ್ತನ. ಶ್ವಾಸಕೋಶದಲ್ಲಿ ಕೆಲವೊಮ್ಮೆ ಗಟ್ಟಿ ಗಂಟಿನ ಬದಲು ತೆಳುಗೋಡೆಯ ಗಾಳಿಚೀಲದಂತೆ ಕಾಣುತ್ತದೆ. ಅದು ಒಡೆದರೆ ಎದೆಯೊಳಗೆ ಗಾಳಿ ತುಂಬಿ ಶ್ವಾಸಕೋಶ ಕುಗ್ಗುತ್ತದೆ. ಈ ಕಾಯಿಲೆಯವರಿಗೆ ಹಠಾತ್ತನೆ ಎದೆನೋವು, ಉಸಿರುಗಟ್ಟುವಿಕೆ ಬಂದರೆ ನೇರ ಎಮರ್ಜೆನ್ಸಿಗೆ.

ಆಪರೇಷನ್ ಎಂಥದ್ದು? ಗುಳ್ಳೆ ಮಾತ್ರ ತೆಗೆದರೆ ಆಗದೇ?

ಆಗದು. ವಾಸಿಯಾಗುವ ಅವಕಾಶ ನಿಂತಿರುವುದು ಮೊದಲ ಆಪರೇಷನ್ನಿನ ಮೇಲೆ. ಬಟ್ಟೆಗೆ ಬಿದ್ದ ಎಣ್ಣೆಯಂತೆ ಈ ಗಡ್ಡೆ ಕಣ್ಣಿಗೆ ಕಾಣುವ ಅಂಚಿನಾಚೆಗೂ ಚರ್ಮದೊಳಗೆ ಹರಡಿರುತ್ತದೆ. ಮೇಲಾಗಿ ರೇಡಿಯೇಶನ್ ಬಿದ್ದ ಚರ್ಮವೆಲ್ಲವೂ ಅದೇ ಪೆಟ್ಟು ತಿಂದಿದೆ, ಒಂದು ಕಡೆ ಬಂದದ್ದು ನಾಲ್ಕಿಂಚು ಆಚೆ ಹೊಸದಾಗಿ ಹುಟ್ಟಬಹುದು. ಹಾಗಾಗಿ ಸ್ತನವನ್ನು ಪೂರ್ತಿ ತೆಗೆದು, ಜೊತೆಗೆ ಕಲೆಯ ಸುತ್ತ ಎರಡು ಮೂರು ಸೆಂ.ಮೀ.ಗೆ ಕಡಿಮೆಯಿಲ್ಲದಷ್ಟು ಆರೋಗ್ಯವಂತ ಚರ್ಮ ತೆಗೆಯುತ್ತಾರೆ. ಸಾರ್ಕೋಮಾದಲ್ಲಿ ಪಳಗಿದ ಹಲವು ಕೇಂದ್ರಗಳು ಇನ್ನೂ ಮುಂದೆ ಹೋಗಿ, ರೇಡಿಯೇಶನ್ ಬಿದ್ದ ಚರ್ಮವನ್ನು ಸಾಧ್ಯವಾದಷ್ಟೂ ತೆಗೆಯುತ್ತವೆ. ಹೀಗೆ ಮಾಡಿದವರಲ್ಲಿ ಮರುಕಳಿಕೆ ಕಡಿಮೆ ಎಂದು ಆ ಕೇಂದ್ರಗಳ ಅನುಭವ ತೋರಿಸಿದೆ. ನಮ್ಮ ಅಭಿಪ್ರಾಯವೂ ಇದೇ: ಚರ್ಮ ಉಳಿಸಿ ಅಂದ ಕಾಪಾಡುವ ಆಪರೇಷನ್ನಿಗೆ ಇಲ್ಲಿ ಜಾಗವಿಲ್ಲ.

ಅಷ್ಟು ಚರ್ಮ ಹೋದ ಮೇಲೆ ಎದೆಯನ್ನು ಎಳೆದು ಹೊಲಿಯಲಾಗದು. ಬೆನ್ನಿನಿಂದ ಸ್ನಾಯು ಸಮೇತ ಚರ್ಮ ತಿರುಗಿಸಿ ತರುತ್ತಾರೆ, ಅಥವಾ ಹೊಟ್ಟೆಯಿಂದ ಚರ್ಮ-ಕೊಬ್ಬು ತರುತ್ತಾರೆ, ಅಥವಾ ತೊಡೆಯಿಂದ ತೆಳು ಚರ್ಮ ತೆಗೆದು ಕಸಿ ಮಾಡುತ್ತಾರೆ. ರೇಡಿಯೇಶನ್ ಆದ ತಳದ ಮೇಲೆ ತೆಳು ಕಸಿ ಹಿಡಿಯದೆ ಹೋಗುವ ಸಾಧ್ಯತೆ ಹೆಚ್ಚು, ಏಕೆಂದರೆ ಅಲ್ಲಿ ರಕ್ತಸಂಚಾರ ಕಡಿಮೆ. ತನ್ನದೇ ರಕ್ತನಾಳದೊಂದಿಗೆ ಬರುವ ಬೆನ್ನಿನ ಚರ್ಮ ಚೆನ್ನಾಗಿ ಕೂಡಿಕೊಳ್ಳುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಸರ್ಜನ್ ಮೊದಲ ದಿನದಿಂದಲೇ ತಂಡದಲ್ಲಿರಬೇಕು. ‘ಮುಚ್ಚಲು ಚರ್ಮ ಸಾಲದು’ ಎಂಬ ಚಿಂತೆಯಿಂದ ಸರ್ಜನ್ ಅಂಚನ್ನು ಕಿರಿದು ಮಾಡಿಬಿಡುವುದು ಈ ಆಪರೇಷನ್ನಿನಲ್ಲಿ ಆಗುವ ದೊಡ್ಡ ತಪ್ಪು. ಅಂಚಿನಲ್ಲಿ ಗಡ್ಡೆ ಇದೆಯೇ ಎಂಬುದನ್ನು ಆಪರೇಷನ್ ಟೇಬಲ್ಲಿನಲ್ಲೇ ಮಾಡುವ ಫ್ರೋಜನ್ ಸೆಕ್ಷನ್ ಖಚಿತವಾಗಿ ಹೇಳಲಾರದು. ಅನುಮಾನವಿದ್ದರೆ ಪೂರ್ತಿ ರಿಪೋರ್ಟ್ ಬರುವವರೆಗೆ ತಾತ್ಕಾಲಿಕವಾಗಿ ಮುಚ್ಚಿಟ್ಟು, ಅಂಚು ಶುದ್ಧವೆಂದಾದ ಮೇಲೆ ಪುನರ್‌ರಚನೆ ಮಾಡುವುದೂ ಒಂದು ಕ್ರಮ.

ಕಂಕುಳ ಗ್ರಂಥಿಗಳನ್ನೂ ತೆಗೆಯಬೇಕೇ?

ಸ್ಕ್ಯಾನಿನಲ್ಲಿ ಅಥವಾ ಕೈಗೆ ಗಂಟು ಸಿಕ್ಕಿದ್ದರೆ ಮಾತ್ರ. ಸುಮ್ಮನೆ ತೆಗೆದರೆ ಲಾಭವಿಲ್ಲ, ಕೈ ಬಾವು ಹೆಚ್ಚುತ್ತದೆ.

ಹಿಂದಿನ ಹಾರ್ಮೋನ್ ಮಾತ್ರೆ ಇದಕ್ಕೂ ಕೆಲಸ ಮಾಡುತ್ತದೆಯೇ?

ಇಲ್ಲ. ಟ್ಯಾಮಾಕ್ಸಿಫೆನ್, ಲೆಟ್ರೊಜೋಲ್, ಟ್ರಾಸ್ಟುಜುಮ್ಯಾಬ್ ಯಾವುದೂ ಇದರ ಔಷಧಿಯಲ್ಲ. ಹಳೆಯ ಕ್ಯಾನ್ಸರ್‌ಗಾಗಿ ಮಾತ್ರೆ ಇನ್ನೂ ನಡೆಯುತ್ತಿದ್ದರೆ ಮುಂದುವರಿಸಬೇಕೇ ಎಂದು ವೈದ್ಯರನ್ನು ಕೇಳಿ, ನೀವಾಗಿ ಬಿಡಬೇಡಿ.

ಕೀಮೋ ಬೇಕೇ? ಯಾವುದು?

ಆಪರೇಷನ್ ಸಾಧ್ಯವಿರುವ ಎಲ್ಲರಿಗೂ ಕೀಮೋ ಬೇಕೇ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಕಾಯಿಲೆ ಇಷ್ಟು ಅಪರೂಪವಾದ್ದರಿಂದ ದೊಡ್ಡ ಪ್ರಯೋಗಗಳು ನಡೆದಿಲ್ಲ. ಗಡ್ಡೆ ದೊಡ್ಡದಿದ್ದರೆ, ಹಲವು ಕಡೆ ಇದ್ದರೆ ಕೆಲವು ಕೇಂದ್ರಗಳು ಮೊದಲು ಕೀಮೋ ಕೊಟ್ಟು ಕುಗ್ಗಿಸಿ ಆಮೇಲೆ ಆಪರೇಷನ್ ಮಾಡುತ್ತವೆ.

ಹಬ್ಬಿದ ಕಾಯಿಲೆಗೆ ಹೆಚ್ಚು ಬಳಕೆಯಲ್ಲಿರುವುದು ವಾರಕ್ಕೊಮ್ಮೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್. ಫ್ರಾನ್ಸಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಆಂಜಿಯೋಟ್ಯಾಕ್ಸ್ ಪ್ರಯೋಗದ ಕ್ರಮ ಇದು: ಮೈಯ ಪ್ರತಿ ಚದರ ಮೀಟರ್‌ಗೆ 80 ಮಿ.ಗ್ರಾಂ., 1, 8 ಮತ್ತು 15ನೇ ದಿನ, ಆಮೇಲೆ ಒಂದು ವಾರ ಬಿಡುವು. ಹಳೆಯ ಸ್ತನ ಕ್ಯಾನ್ಸರ್‌ಗೆ ಇದೇ ಔಷಧಿ ಪಡೆದು ಬೆರಳು ಜೋಮು ಉಳಿದವರು ಮೊದಲೇ ಹೇಳಬೇಕು, ಜೋಮು ಹೆಚ್ಚಬಹುದು.

ಡಾಕ್ಸೊರೂಬಿಸಿನ್ ಕೂಡ ಕೆಲಸ ಮಾಡುತ್ತದೆ, ಆದರೆ ಜೀವಮಾನದ ಲೆಕ್ಕ ಇಡಬೇಕು. ಪ್ರತಿ ಚದರ ಮೀಟರ್‌ಗೆ ಒಟ್ಟು 450ರಿಂದ 550 ಮಿ.ಗ್ರಾಂ. ದಾಟಿದರೆ ಹೃದಯ ದುರ್ಬಲವಾಗುವ ಅಪಾಯ ಏರುತ್ತದೆ. ಹಿಂದೆ ಸ್ತನ ಕ್ಯಾನ್ಸರ್‌ಗೆ ಇದೇ ಔಷಧಿ ಸೇರಿರುವ ‘ಎಸಿ’ ಕೀಮೋ ನಾಲ್ಕು ಸುತ್ತು ಆಗಿದ್ದರೆ 60ರಂತೆ ಆಗಲೇ 240 ಮುಗಿದಿದೆ. ಈಗ 75ರಂತೆ ನಾಲ್ಕು ಸುತ್ತು ಕೊಟ್ಟರೆ ಒಟ್ಟು 540. ಎಡ ಎದೆಗೆ ರೇಡಿಯೇಶನ್ ಆಗಿದ್ದರೆ ಹೃದಯ ಇನ್ನೂ ಸೂಕ್ಷ್ಮ. ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡದೆ ಶುರು ಮಾಡಬಾರದು. ಎಪಿರೂಬಿಸಿನ್ ಪಡೆದಿದ್ದರೆ ಲೆಕ್ಕ ಬೇರೆ, ಹಳೆಯ ಚಾರ್ಟ್ ತೋರಿಸಿ.

ಜೆಮ್‌ಸಿಟಾಬಿನ್ ಮತ್ತು ಪಜೋಪನಿಬ್ ಮಾತ್ರೆ ಮುಂದಿನ ಸಾಲಿನವು. ಪಜೋಪನಿಬ್ ಖಾಲಿ ಹೊಟ್ಟೆಯಲ್ಲಿ ನುಂಗಬೇಕು: ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ. ಬಿಪಿ ಮತ್ತು ಯಕೃತ್ತಿನ ರಕ್ತಪರೀಕ್ಷೆ ನಿಯಮಿತವಾಗಿ ಆಗಬೇಕು. ಇಮ್ಯುನೋಥೆರಪಿಯ ಬಗ್ಗೆ ಕೇಳುವವರಿಗೆ: ಅಮೆರಿಕದ ಒಂದು ಪ್ರಯೋಗದಲ್ಲಿ ಇಪಿಲಿಮುಮ್ಯಾಬ್-ನಿವೊಲುಮ್ಯಾಬ್ ಜೋಡಿಗೆ ಆಂಜಿಯೋಸಾರ್ಕೋಮಾದ 16 ಮಂದಿಯಲ್ಲಿ ನಾಲ್ವರ ಗಡ್ಡೆ ಕುಗ್ಗಿತು. ಸಂಖ್ಯೆ ಚಿಕ್ಕದು, ಖರ್ಚು ಬಹಳ ದೊಡ್ಡದು. ಮನೆ ಮಾರುವ ಮೊದಲು ಎರಡನೆಯ ಅಭಿಪ್ರಾಯ ತೆಗೆದುಕೊಳ್ಳಿ.

ರೇಡಿಯೇಶನ್ನಿನಿಂದಲೇ ಬಂದದ್ದಕ್ಕೆ ಮತ್ತೆ ರೇಡಿಯೇಶನ್ ಕೊಡುತ್ತಾರೆಯೇ?

ಕೇಳಲು ವಿಚಿತ್ರ, ಆದರೆ ಕೆಲವರಿಗೆ ಕೊಡುತ್ತಾರೆ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ತಂಡ ಒಂದೊಂದು ಗ್ರೇಯಂತೆ ದಿನಕ್ಕೆ ಮೂರು ಸಲ, ನಾಲ್ಕು ಗಂಟೆ ಬಿಟ್ಟು ಕೊಡುವ ಕ್ರಮ ರೂಪಿಸಿತು. ಬೇಗ ಬೆಳೆಯುವ ಈ ಗಡ್ಡೆಗೆ ಸುಧಾರಿಸಿಕೊಳ್ಳಲು ಸಮಯ ಸಿಗದಿರಲಿ, ಆರೋಗ್ಯವಂತ ಚರ್ಮಕ್ಕೆ ಏಟು ಸಣ್ಣದಾಗಿರಲಿ ಎಂಬುದು ತರ್ಕ. ನೆದರ್‌ಲ್ಯಾಂಡ್ಸಿನಲ್ಲಿ ರೇಡಿಯೇಶನ್ ಜೊತೆ ಎದೆಯ ಚರ್ಮವನ್ನು 41ರಿಂದ 43 ಡಿಗ್ರಿಯವರೆಗೆ ಬಿಸಿ ಮಾಡುವ ಹೈಪರ್‌ಥರ್ಮಿಯಾ ಕ್ರಮವಿದೆ. ಪಕ್ಕೆಲುಬು ಮುರಿಯುವುದು, ಗಾಯ ಮಾಯದಿರುವುದು ಇದರ ಅಪಾಯಗಳು. ಹಳೆಯ ರೇಡಿಯೇಶನ್ ಪ್ಲಾನ್ ಕೈಯಲ್ಲಿಲ್ಲದೆ ಯಾರೂ ಇದಕ್ಕೆ ಕೈ ಹಾಕಬಾರದು.

ವಾಸಿಯಾಗುತ್ತದೆಯೇ?

ಸುಳ್ಳು ಹೇಳುವುದಿಲ್ಲ, ಇದು ಗಟ್ಟಿ ಕಾಯಿಲೆ. ಬಹುತೇಕ ವರದಿಗಳಲ್ಲಿ ಐದು ವರ್ಷದ ನಂತರ ಬದುಕಿರುವವರು ಅರ್ಧದ ಆಸುಪಾಸು. ಮರುಕಳಿಸುವುದು ಹೆಚ್ಚಾಗಿ ಮೊದಲ ಎರಡು ವರ್ಷದೊಳಗೆ, ಅದೂ ಆಪರೇಷನ್ ಆದ ಜಾಗದ ಅಂಚಿನಲ್ಲಿ. ಗಡ್ಡೆ 5 ಸೆಂ.ಮೀ.ಗಿಂತ ಚಿಕ್ಕದಿದ್ದಾಗ ಸಿಕ್ಕಿ, ಅಂಚು ಶುದ್ಧವಾಗಿ ತೆಗೆದಿದ್ದರೆ ಫಲಿತಾಂಶ ಗಮನಾರ್ಹವಾಗಿ ಒಳ್ಳೆಯದು. ಎಷ್ಟೋ ಮಂದಿ ಪೂರ್ತಿ ವಾಸಿಯಾಗಿದ್ದಾರೆ.

ಚಿಕಿತ್ಸೆ ಮುಗಿದ ಮೇಲೆ ಎಷ್ಟು ದಿನಕ್ಕೊಮ್ಮೆ ಹೋಗಬೇಕು?

ಮೊದಲ ಎರಡು ಮೂರು ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ ಎದೆಯ ಚರ್ಮದ ತಪಾಸಣೆ ಮತ್ತು ಶ್ವಾಸಕೋಶದ ಸಿಟಿ, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ, ನಂತರ ವರ್ಷಕ್ಕೊಮ್ಮೆ. ಇನ್ನೊಂದು ಸ್ತನದ ಮ್ಯಾಮೊಗ್ರಾಮ್ ಎಂದಿನಂತೆ. ಗಾಯದ ಅಂಚಿನಲ್ಲಿ ಹೊಸ ಬಣ್ಣ ಕಂಡರೆ ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯಬೇಡಿ.

ರೇಡಿಯೇಶನ್ ಜಾಗದಲ್ಲಿ ಬೇರೆ ಗಡ್ಡೆಗಳೂ ಬರಬಹುದೇ?

ಬರಬಹುದು, ಅವೂ ಅಪರೂಪ. ಸ್ನಾಯು ಮತ್ತು ನಾರಿನ ಇತರ ಸಾರ್ಕೋಮಾಗಳು, ಪಕ್ಕೆಲುಬು ಅಥವಾ ಎದೆಮೂಳೆಯ ಆಸ್ಟಿಯೋಸಾರ್ಕೋಮಾ. ಇವು ಆಳದಲ್ಲಿ ಬೆಳೆಯುವ ಗಟ್ಟಿ ಗಂಟುಗಳು. ಮೂಳೆಯದಾದರೆ ರಾತ್ರಿ ಹೆಚ್ಚುವ ನೋವು ಇರುತ್ತದೆ. ಹಾಡ್ಜ್‌ಕಿನ್ ಕಾಯಿಲೆ ಎಂಬ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್‌ಗೆಂದು ಹತ್ತರಿಂದ ಮೂವತ್ತರ ವಯಸ್ಸಿನೊಳಗೆ ಎದೆಗೆ ರೇಡಿಯೇಶನ್ ಪಡೆದ ಹೆಣ್ಣುಮಕ್ಕಳ ಸಂಗತಿ ಬೇರೆಯೇ. ಅವರಿಗೆ ಬರುವುದು ಸಾಮಾನ್ಯ ಸ್ತನ ಕ್ಯಾನ್ಸರ್, ಸಾಧ್ಯತೆಯೂ ಸಾಕಷ್ಟು ಹೆಚ್ಚು. ರೇಡಿಯೇಶನ್ ಆಗಿ ಎಂಟು ವರ್ಷಕ್ಕೆ ಅಥವಾ ಇಪ್ಪತ್ತೈದನೇ ವಯಸ್ಸಿಗೆ, ಯಾವುದು ತಡವೋ ಆಗಿನಿಂದ, ಪ್ರತಿ ವರ್ಷ ಸ್ತನದ ಎಂಆರ್‌ಐ ಸಹಿತ ತಪಾಸಣೆ ಬೇಕು.

ಕರ್ನಾಟಕದಲ್ಲಿ ಎಲ್ಲಿ ತೋರಿಸಬೇಕು? ಏನೇನು ಕಾಗದ ಒಯ್ಯಬೇಕು?

ಕ್ಯಾನ್ಸರ್ ಸರ್ಜನ್, ಪ್ಲಾಸ್ಟಿಕ್ ಸರ್ಜನ್, ಕೀಮೋ ವೈದ್ಯರು, ರೇಡಿಯೇಶನ್ ವೈದ್ಯರು, ಪೆಥಾಲಜಿಸ್ಟ್ ಒಟ್ಟಿಗೆ ಕೂತು ಚರ್ಚಿಸುವ ಟ್ಯೂಮರ್ ಬೋರ್ಡ್ ಇರುವ ಕಡೆಗೆ ಹೋಗಿ. ಸರ್ಕಾರಿ ವಲಯದಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಿದೆ. ಉತ್ತರ ಕರ್ನಾಟಕದವರಿಗೆ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಗೆ ಹೋಗಿಬರುವ ರೂಢಿಯೂ ಇದೆ. ಬಿಪಿಎಲ್ ಕಾರ್ಡಿನವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಪಡೆಯಬಹುದು. ಇದಕ್ಕೆ ಚಿಕಿತ್ಸೆಗೆ ಮೊದಲೇ ಮಂಜೂರಾತಿ ಬೇಕು, ಆಸ್ಪತ್ರೆಯ ಆರೋಗ್ಯಮಿತ್ರ ಕೌಂಟರಿನಲ್ಲಿ ಕೇಳಿ.

ಒಯ್ಯಬೇಕಾದದ್ದು: ಹಳೆಯ ಆಪರೇಷನ್ನಿನ ಡಿಸ್ಚಾರ್ಜ್ ಸಮರಿ ಮತ್ತು ಬಯಾಪ್ಸಿ ರಿಪೋರ್ಟ್, ಕೀಮೋ ಚಾರ್ಟ್, ರೇಡಿಯೇಶನ್ ಮುಗಿದಾಗ ಕೊಟ್ಟ ಸಮರಿ. ಆ ಸಮರಿಯಲ್ಲಿ ಒಟ್ಟು ಡೋಸ್, ಎಷ್ಟು ಸಿಟ್ಟಿಂಗ್, ಯಾವ ಯಾವ ಜಾಗ, ಬೂಸ್ಟ್ (ಗಡ್ಡೆಯಿದ್ದ ಜಾಗಕ್ಕೆ ಹೆಚ್ಚುವರಿ ಡೋಸ್) ಕೊಟ್ಟಿದ್ದಾರೆಯೇ ಎಂದಿರುತ್ತದೆ: 25 ಸಿಟ್ಟಿಂಗಿನಲ್ಲಿ 50 ಗ್ರೇ, ಅಥವಾ 15 ಸಿಟ್ಟಿಂಗಿನಲ್ಲಿ 40 ಗ್ರೇ, ಹೀಗೆ. ಅದು ಕಳೆದಿದ್ದರೆ ರೇಡಿಯೇಶನ್ ಕೊಟ್ಟ ಆಸ್ಪತ್ರೆಗೆ ರಿಜಿಸ್ಟರ್ ನಂಬರ್ ಹೇಳಿ ಅರ್ಜಿ ಕೊಡಿ. ವಿಭಾಗದ ಕಂಪ್ಯೂಟರಿನಲ್ಲಿ ಪ್ಲಾನ್ ಉಳಿದಿದ್ದರೆ ಸಿಡಿಗೆ ಹಾಕಿಕೊಡಲು ಕೇಳಿ. ಹೊಸ ಬಯಾಪ್ಸಿಯ ಸ್ಲೈಡ್‌ಗಳ ಜೊತೆ ಬ್ಲಾಕ್‌ಗಳನ್ನೂ ಪಡೆಯಿರಿ. ಬ್ಲಾಕ್ ಮೇಣದ್ದು, ಬಿಸಿಲಲ್ಲಿ ನಿಂತ ಬಸ್ಸಿನ ಕಿಟಕಿ ಪಕ್ಕ ಇಟ್ಟರೆ ಕರಗುತ್ತದೆ, ಪೆಟ್ಟಿಗೆಯಲ್ಲಿ ನೆರಳಿನಲ್ಲಿಡಿ. ಕಲೆಯ ಫೋಟೊಗಳನ್ನು ದಿನಾಂಕ ಸಮೇತ ಪ್ರಿಂಟ್ ಹಾಕಿಸಿ ಫೈಲಿನ ಮೊದಲ ಪುಟಕ್ಕೇ ಅಂಟಿಸಿ, ಓಪಿಡಿಯಲ್ಲಿ ಸಿಗುವ ಐದು ನಿಮಿಷದಲ್ಲಿ ವೈದ್ಯರ ಕಣ್ಣಿಗೆ ಅದು ಮೊದಲು ಬೀಳಲಿ.